ಆ ಯೌವನಸ್ಥರನ್ನು ಎಬ್ಬಿಸಿದ್ದು ಯಾವದು?

ಓದತಕ್ಕ ವೇದಭಾಗಗಳು: ದಾನಿಯೇಲ 1:8–16, ದಾನಿಯೇಲ 3:13–27, ಗಲಾತ್ಯ 2:11–14



ಕಳೆದ ಸುಗ್ಗಿಯ ಕಾಲದಲ್ಲಿ ನಮ್ಮ ಸಭೆಯ ಒಬ್ಬ ತಂದೆಯು ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆಯೂ ಮನೆಗೆ ಹೋಗದೆ ಮಂದಿರದ ಬಾಗಲಲ್ಲಿಯೇ ನಿಂತುಕೊಂಡನು. ವಿಷಯವೇನೆಂದು ಕೇಳಲು ಅವನು, “ಉಪದೇಶಿಗಳೇ, ನನ್ನ ಮಗನಿಗೆ ನೀವು ಎರಡು ಮಾತು ಬುದ್ಧಿ ಹೇಳಬೇಕು. ಅವನನ್ನು ಕಾಲೇಜಿಗೆ ಕಳುಹಿಸಿದ್ದು ಓದಿ ಒಂದು ಕೆಲಸ ಹಿಡಿಯಲೆಂದು. ಈಗ ಅವನೂ ಅವನ ಮೂರು ಮಂದಿ ಗೆಳೆಯರೂ ಕೂಡಿಕೊಂಡು, ಚಹದ ಅಂಗಡಿಯಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುವದೇಕೆಂದು ಕೇಳುವದಕ್ಕೆ ಹೊರಟಿದ್ದಾರೆ. ನಾವು ಆ ಊರಲ್ಲಿ ಬಾಳಬೇಕಲ್ಲವೇ? ಅವನ ತಲೆ ಕೆಡಿಸಿದವರು ಯಾರೋ ತಿಳಿಯದು,” ಅಂದನು.

ನಾನು ಆ ಹೊತ್ತು ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಆದರೆ ಆ ರಾತ್ರಿ, ಇನ್ನೊಂದು ದೇಶದಲ್ಲಿ ಇನ್ನೊಂದು ಮೇಜಿನ ಮುಂದೆ ಕೂತ ವಿದ್ಯಾರ್ಥಿಗಳ ಸಂಗತಿಯು ನನ್ನ ಮನಸ್ಸಿಗೆ ಬಂತು. ಅವರ ತಂದೆತಾಯಿಗಳೂ ಇದೇ ಪ್ರಶ್ನೆಯನ್ನು ಕೇಳಿದ್ದರು. ಓದುವದಕ್ಕೆ ಹೋದ ಮಕ್ಕಳು ಪುಸ್ತಕವನ್ನು ಮುಚ್ಚಿಟ್ಟು, ಪೆಟ್ಟನ್ನೂ ಸೆರೆಮನೆಯನ್ನೂ ತಾವಾಗಿಯೇ ಯಾಕೆ ಆರಿಸಿಕೊಂಡರು? ಅವರನ್ನು ಎಬ್ಬಿಸಿದ್ದು ಯಾವದು? ಈ ಹೊತ್ತು ಇದನ್ನೇ ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಅಮೆರಿಕ ದೇಶದಲ್ಲಿ ಕರಿಯ ಜನರ ದಾಸತ್ವವು 1865ರಲ್ಲಿ ಕೊನೆಗಂಡಿತು. ಬೇಡಿಯು ಹೋಯಿತು, ಆದರೆ ಬೇಲಿಯು ಬಂತು. ಆ ದೇಶದ ದಕ್ಷಿಣ ಸೀಮೆಗಳಲ್ಲಿ ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಇನ್ನೊಂದು. ಬಸ್ಸಿನಲ್ಲಿ ಬೇರೆ ಸ್ಥಳ. ಕುಡಿಯುವ ನೀರಿನ ನಲ್ಲಿಯೂ ಬೇರೆ. ಬೇರೆ ಇಟ್ಟರೂ ಸಮವಾಗಿದ್ದರೆ ತಪ್ಪಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ತೀರ್ಪು ಕೊಟ್ಟಿತು. ಬೇರೆ ಇಟ್ಟದ್ದು ಎಂದಿಗೂ ಸಮವಾಗಿರಲಿಲ್ಲ. ದೊಡ್ಡ ಅಂಗಡಿಗಳಲ್ಲಿ ಕರಿಯರಿಗೆ ಸಾಮಾನು ಮಾರುತ್ತಿದ್ದರು. ಆದರೆ ಅದೇ ಅಂಗಡಿಯೊಳಗೆ ಕಾಫಿ ತಿಂಡಿ ಕೊಡುವ ಮೇಜಿನ ಮುಂದೆ ಅವರು ಕೂರುವ ಹಾಗಿರಲಿಲ್ಲ. ಅಂಗಡಿಯವರ ಕಣ್ಣಿಗೆ ಹಣದಲ್ಲಿ ಬಣ್ಣ ಕಾಣಲಿಲ್ಲ, ಹಣ ಕೊಟ್ಟ ಕೈಯಲ್ಲಿ ಮಾತ್ರ ಕಂಡಿತು.

ಹೀಗಿರಲಾಗಿ 1960ನೆಯ ಫೆಬ್ರವರಿ 1ರಂದು ಉತ್ತರ ಕ್ಯಾರೊಲೈನ ಸೀಮೆಯ ಗ್ರೀನ್ಸ್‌ಬರೋ ಪಟ್ಟಣದಲ್ಲಿ ನಾಲ್ಕು ಮಂದಿ ಯೌವನಸ್ಥರು ವುಲ್‌ವರ್ತ್ ಎಂಬ ಅಂಗಡಿಗೆ ಹೋದರು. ಎಝೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್ ಎಂಬವರೇ ಆ ನಾಲ್ವರು. ಕರಿಯರ ಕಾಲೇಜಿನಲ್ಲಿ ಮೊದಲನೆಯ ವರುಷ ಓದುತ್ತಿದ್ದ ಅವರ ಪ್ರಾಯವು 17ರಿಂದ 19ರೊಳಗೆ ಇತ್ತು. ಅವರು ಸಣ್ಣಪುಟ್ಟ ಸಾಮಾನು ಕೊಂಡುಕೊಂಡು, ತರುವಾಯ ಆ ಮೇಜಿನ ಮುಂದೆ ಕೂತು ಕಾಫಿ ಕೇಳಿದರು. ಕೊಡುವದಿಲ್ಲವೆಂದರು. ಯೌವನಸ್ಥರು ಕೂಗಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಅಂಗಡಿ ಮುಚ್ಚುವ ತನಕ ಸುಮ್ಮನೆ ಕೂತಿದ್ದರು. ಮರುದಿನ 20ಕ್ಕಿಂತ ಹೆಚ್ಚು ಮಂದಿ ಬಂದರು. ವಾರ ಮುಗಿಯುವಷ್ಟರಲ್ಲಿ ನೂರಾರು ಮಂದಿ ಬಂದರು. ಕೆಲವೇ ವಾರಗಳಲ್ಲಿ ದಕ್ಷಿಣದ ಅನೇಕ ಪಟ್ಟಣಗಳಲ್ಲಿ ವಿದ್ಯಾರ್ಥಿಗಳು ಹೀಗೆಯೇ ಕೂತರು.

ಪ್ರಿಯರೇ, ಒಂದು ಲೋಟ ಕಾಫಿಗೋಸ್ಕರ ಇಷ್ಟೆಲ್ಲಾ ನಡೆಯಿತೆಂದು ಯಾರೂ ನೆನಸಬಾರದು. ಅವರನ್ನು ಎಬ್ಬಿಸಿದವುಗಳಲ್ಲಿ ನಾನು ಮೂರನ್ನು ಕಾಣುತ್ತೇನೆ.

ಮೊದಲನೆಯದು, ತಡವಾದ ನಿರೀಕ್ಷೆ. ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಪ್ರಕಾರ ಬೇರೆಮಾಡುವದು ನ್ಯಾಯವಲ್ಲವೆಂದು 1954ನೆಯ ಮೇ 17ರಂದು ಅದೇ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆಗ ಈ ಯೌವನಸ್ಥರು ಇನ್ನೂ ಹುಡುಗರಾಗಿದ್ದರು. ನಮ್ಮ ಕಾಲದಲ್ಲಿ ಎಲ್ಲಾ ಸರಿಯಾಗುವದೆಂದು ನಂಬಿದರು. ಆದರೆ ಮರು ವರುಷವೇ, 1955ರ ಆಗಸ್ಟ್ ತಿಂಗಳಲ್ಲಿ, ಮಿಸಿಸಿಪ್ಪಿ ಸೀಮೆಯಲ್ಲಿ ಎಮೆಟ್ ಟಿಲ್ ಎಂಬ 14 ವರುಷದ ಕರಿಯ ಬಾಲಕನನ್ನು ಬಿಳಿಯರು ಹಿಡಿದುಕೊಂಡು ಹೋಗಿ ಕೊಂದರು. ಕೊಂದವರಿಗೆ ನ್ಯಾಯಸ್ಥಾನದಲ್ಲಿ ಶಿಕ್ಷೆಯಾಗಲಿಲ್ಲ. ಗ್ರೀನ್ಸ್‌ಬರೋದ ನಾಲ್ವರು ಸುಮಾರು ಅವನ ಓರಗೆಯವರು. ಸತ್ತ ಆ ಬಾಲಕನು ತಾವೂ ಆಗಿರಬಹುದಿತ್ತೆಂಬ ಯೋಚನೆಯು ಆ ತಲೆಯವರ ಮನಸ್ಸಿನಿಂದ ಹೋಗಲಿಲ್ಲ. ಮೆಕ್‌ನೀಲ್ ಎಂಬವನು ಕ್ರಿಸ್ಮಸ್ ರಜೆಯನ್ನು ಮುಗಿಸಿ ಕಾಲೇಜಿಗೆ ಮರಳುವಾಗ ಬಸ್ಸು ನಿಲ್ದಾಣದಲ್ಲಿ ಅವನಿಗೆ ಊಟ ಕೊಡಲಿಲ್ಲ. ಏನೂ ಸಿಕ್ಕದೆಂದು ತಿಳಿದವನು ಸುಮ್ಮನಿರುವನು. ಸಿಕ್ಕುವದೆಂಬ ಮಾತನ್ನು ಕೇಳಿ ಬಾಗಲಲ್ಲಿ ಕಾಯುವವನು ಒಂದು ದಿನ ಬಾಗಲನ್ನು ತಟ್ಟುವನು.

ಎರಡನೆಯದು, ಜೊತೆ. ಈ ನಾಲ್ವರು ಒಂದೇ ವಿದ್ಯಾರ್ಥಿನಿಲಯದಲ್ಲಿದ್ದು ರಾತ್ರಿ ರಾತ್ರಿ ಕೂತು ಇದನ್ನೇ ಮಾತಾಡುತ್ತಿದ್ದರು. ನಮ್ಮ ಹಿರಿಯರು ಯಾಕೆ ಸುಮ್ಮನಿದ್ದರೆಂದು ದೂರುತ್ತಿದ್ದವರು, ಕೊನೆಗೆ ಒಂದು ರಾತ್ರಿ, ನಾವಾದರೂ ಮಾಡಿದ್ದೇನೆಂದು ತಮ್ಮನ್ನು ತಾವೇ ಕೇಳಿಕೊಂಡರು. ಮರುದಿನ ಒಬ್ಬನು ಹಿಂದೆಗೆದಿದ್ದರೆ ಮಿಕ್ಕ ಮೂವರ ಮುಖವನ್ನು ನೋಡುವದು ಹೇಗೆ?

ಈ ವಿಷಯವನ್ನು ಪಂಡಿತರೂ ಪರೀಕ್ಷಿಸಿದ್ದಾರೆ. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಗೆ ಹೋಗಿ, ಕರಿಯರ ಹೆಸರುಗಳನ್ನು ಮತದಾರರ ಪಟ್ಟಿಯಲ್ಲಿ ಸೇರಿಸುವ ಅಪಾಯದ ಕೆಲಸಕ್ಕೆ ಅನೇಕ ವಿದ್ಯಾರ್ಥಿಗಳು ಅರ್ಜಿ ಕೊಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಉತ್ತರದ ಬಿಳಿಯರು. ಆರಿಸಲ್ಪಟ್ಟವರಲ್ಲಿ ಕೆಲವರು ಹೋದರು, ಕೆಲವರು ಹಿಂದೆ ಉಳಿದರು. ಡಗ್ ಮೆಕ್‌ಆಡಮ್ ಎಂಬ ಸಮಾಜಶಾಸ್ತ್ರಜ್ಞರು ಆ ಅರ್ಜಿಗಳನ್ನು ತೆಗೆದು ಈ ಎರಡು ಗುಂಪಿನವರನ್ನೂ ಹೋಲಿಸಿ, 1988ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅವರಿಗೆ ಕಂಡದ್ದೇನಂದರೆ, ನ್ಯಾಯದ ವಿಷಯವಾದ ನಂಬಿಕೆಯಲ್ಲಿ ಹೋದವರಿಗೂ ಉಳಿದವರಿಗೂ ಹೇಳತಕ್ಕ ಭೇದವಿರಲಿಲ್ಲ. ಹೋದವರಿಗೆ ಹೆಚ್ಚಾಗಿ ಇದ್ದದ್ದು, ಸಂಗಡ ಹೊರಟ ಆಪ್ತ ಸ್ನೇಹಿತರು, ಸೇರಿಕೊಂಡಿದ್ದ ಸಂಘಗಳು, ಮೊದಲು ಮಾಡಿದ್ದ ಸಣ್ಣ ಕೆಲಸಗಳು. ಅನ್ಯಾಯವು ಅನ್ಯಾಯವೆಂದು ತಿಳಿದವರು ಬಹು ಜನ; ಆದರೆ ಪಕ್ಕದಲ್ಲಿ ಒಬ್ಬನು ಇದ್ದವನೇ ಎದ್ದು ಹೋದನು.

ಬಾಬೆಲಿನ ಸಂಗತಿಯನ್ನು ನೋಡಿರಿ. ಶದ್ರಕನೂ ಮೇಶಕನೂ ಅಬೇದ್‌ನೆಗೋವನೂ ಅರಸನ ಮುಂದೆ ನಿಂತಾಗ ಉತ್ತರ ಕೊಟ್ಟವನು ಒಬ್ಬನಲ್ಲ. ಮೂವರೂ ಒಂದೇ ಬಾಯಿಂದ ಕೊಟ್ಟರು. ನಮ್ಮ ದೇವರು ತಪ್ಪಿಸಶಕ್ತನು, ತಪ್ಪಿಸದೆ ಹೋದರೂ ನಾವು ಅಡ್ಡಬೀಳುವದಿಲ್ಲ ಎಂಬದೇ ಅವರ ಉತ್ತರದ ಸಾರ. ಒಬ್ಬನೇ ಆಗಿದ್ದರೆ ಆ ಬೆಂಕಿಯ ಮುಂದೆ ಅಷ್ಟು ಗಟ್ಟಿಯಾಗಿ ನುಡಿಯುವದು ಎಷ್ಟು ಕಷ್ಟ! ಕರ್ತನು ಸಹ ತನ್ನ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದು ಕಾರಣವಿಲ್ಲದೆ ಅಲ್ಲ.

ಮೂರನೆಯದು, ಅಭ್ಯಾಸ. ಇಲ್ಲಿ ನಮ್ಮ ಹಿಂದುಸ್ಥಾನದ ಹೆಸರು ಬರುತ್ತದೆ. ಜೇಮ್ಸ್ ಲಾಸನ್ ಎಂಬ ಕರಿಯ ಅಮೆರಿಕನರು ಮೆಥೊಡಿಸ್ಟ್ ಸಭೆಯವರು. ಅವರು ಬಾಲಕರಾಗಿದ್ದಾಗ ತಮ್ಮನ್ನು ಹೀನವಾಗಿ ಕರೆದ ಒಂದು ಬಿಳಿಯ ಮಗುವಿಗೆ ಹೊಡೆದು ಮನೆಗೆ ಬಂದರು. ತಾಯಿಯು ಗದರಿಸಲಿಲ್ಲ, ಅದರಿಂದ ಆದ ಒಳ್ಳೇದೇನು ಎಂದಷ್ಟೇ ಕೇಳಿದಳು. ಆ ಪ್ರಶ್ನೆಯು ಜೀವಮಾನವೆಲ್ಲಾ ಅವರ ಸಂಗಡ ಇತ್ತು. 1953ರಿಂದ 1956ರ ವರೆಗೆ ಅವರು ನಾಗಪುರದ ಹಿಸ್ಲಪ್ ಕಾಲೇಜಿನಲ್ಲಿ ಸೇವೆಮಾಡಿ, ಗಾಂಧಿಯವರು ನಡಿಸಿದ ಸತ್ಯಾಗ್ರಹದ ರೀತಿಯನ್ನು ಕಲಿತರು. ಮಾಂಟ್ಗಮರಿ ಪಟ್ಟಣದ ಕರಿಯರು ಬೇರೆ ಸ್ಥಳ ತೋರಿಸುವ ಬಸ್ಸುಗಳನ್ನು ಬಿಟ್ಟು ಕಾಲುನಡಿಗೆಯಾಗಿ ಹೋಗುತ್ತಿದ್ದಾರೆಂಬ ಸುದ್ದಿಯನ್ನು ನಾಗಪುರದ ಪತ್ರಿಕೆಯಲ್ಲಿಯೇ ಓದಿದರು. ಸ್ವದೇಶಕ್ಕೆ ಮರಳಿ ನ್ಯಾಶ್ವಿಲ್ ಪಟ್ಟಣದಲ್ಲಿ ದೈವಜ್ಞಾನವನ್ನು ಓದುತ್ತಾ, 1959ರಲ್ಲಿ ಒಂದು ಮೆಥೊಡಿಸ್ಟ್ ದೇವಾಲಯದೊಳಗೆ ಸಾಯಂಕಾಲಗಳಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ ಕಲಿಸಿದರು.

ಕಲಿಸಿದ್ದು ಭಾಷಣ ಮಾಡುವದನ್ನಲ್ಲ. ಕೆಲವು ವಿದ್ಯಾರ್ಥಿಗಳು ಪುಂಡರ ವೇಷ ಹಾಕಿ ಬೈಯುವರು, ಕೂದಲು ಹಿಡಿದು ಎಳೆಯುವರು, ಪೀಠದಿಂದ ಕೆಳಗೆ ಕೆಡವುವರು. ಮಿಕ್ಕವರು ಕೈಯೆತ್ತದೆ ಸಹಿಸಬೇಕು. ಬಿದ್ದಾಗ ತಲೆಯನ್ನು ಕಾಪಾಡಿಕೊಳ್ಳುವದು ಹೇಗೆ, ಪೆಟ್ಟು ತಿನ್ನುವ ಸ್ನೇಹಿತನಿಗೆ ಅಡ್ಡವಾಗುವದು ಹೇಗೆ, ಹೊಡೆಯುವವನ ಮುಖವನ್ನು ಹಗೆಯಿಲ್ಲದೆ ನೋಡುವದು ಹೇಗೆ, ಇವೇ ಪಾಠಗಳು. ಜಾನ್ ಲೂಯಿಸ್, ಬರ್ನಾರ್ಡ್ ಲಾಫಯೆಟ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವು ನಿಯಮಗಳನ್ನು ಬರೆದು ಹಂಚಿದರು. ತಿರುಗಿ ಹೊಡೆಯಬಾರದು, ಗಟ್ಟಿಯಾಗಿ ನಗಬಾರದು, ನೆಟ್ಟಗೆ ಕೂರಬೇಕು, ಯಾವಾಗಲೂ ಮರ್ಯಾದೆಯಿಂದ ಮಾತಾಡಬೇಕು, ಯೇಸುವಿನ ಉಪದೇಶವನ್ನೂ ಗಾಂಧಿಯವರ ಉಪದೇಶವನ್ನೂ ಮರೆಯಬಾರದು ಎಂಬವು ಅವುಗಳಲ್ಲಿ ಇದ್ದವು.

ಇದೂ ದಾನಿಯೇಲನ ಪುಸ್ತಕದಲ್ಲಿ ಇದೆ. ಆ ಮೂವರು ಮೂರನೆಯ ಅಧ್ಯಾಯದಲ್ಲಿ ಬೆಂಕಿಯ ಮುಂದೆ ನಿಲ್ಲುವದಕ್ಕಿಂತ ಮೊದಲು, ಒಂದನೆಯ ಅಧ್ಯಾಯದಲ್ಲಿ ಊಟದ ಮುಂದೆ ನಿಂತಿದ್ದರು. ಅವರು ಆಗ ಅರಸನ ಪಾಠಶಾಲೆಯ ವಿದ್ಯಾರ್ಥಿಗಳು. ಅರಸನ ಭೋಜನವನ್ನು ಬೇಡವೆಂದು, ಹತ್ತು ದಿನ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು ಪರೀಕ್ಷಿಸಿರೆಂದು ವಿನಯದಿಂದ ಬೇಡಿಕೊಂಡರು. ಸಣ್ಣ ವಿಷಯದಲ್ಲಿ ವಿನಯದಿಂದ ಇಲ್ಲವೆಂದು ಹೇಳಕಲಿತವರಿಗೆ ದೊಡ್ಡ ವಿಷಯದಲ್ಲಿ ನಾಲಿಗೆ ತಡವರಿಸಲಿಲ್ಲ.

ಹಾಗಾದರೆ ಈ ವಿದ್ಯಾರ್ಥಿಗಳಿಗೆ ಭಯವಿರಲಿಲ್ಲವೋ? ಇತ್ತು. ಡಯೇನ್ ನ್ಯಾಶ್ ಎಂಬ ತರುಣಿಯು ಉತ್ತರದ ಶಿಕಾಗೋ ಪಟ್ಟಣದಿಂದ ಓದುವದಕ್ಕೆ ನ್ಯಾಶ್ವಿಲಿಗೆ ಬಂದಳು. ಅಲ್ಲಿಯ ಜಾತ್ರೆಯಲ್ಲಿ ಬಿಳಿಯ ಸ್ತ್ರೀಯರಿಗೆ ಒಂದು, ಬಣ್ಣದವರಿಗೆ ಒಂದು ಎಂದು ಬರೆದ ಶೌಚಾಲಯದ ಹಲಗೆಗಳನ್ನು ಕಂಡು ಆಕೆಯ ಮನಸ್ಸು ಮುರಿಯಿತು. ಲಾಸನರ ತರಗತಿಗೆ ಸೇರಿದ ಮೇಲೂ ತನಗೆ ಬಹಳ ಹೆದರಿಕೆಯಾಗುತ್ತಿತ್ತೆಂದು ಆಕೆಯೇ ಅನಂತರ ಹೇಳಿದ್ದುಂಟು. ಆದರೂ 1960ನೆಯ ಏಪ್ರಿಲ್ 19ರಂದು, ವಿದ್ಯಾರ್ಥಿಗಳ ಪಕ್ಷವಾಗಿ ವಾದಿಸುತ್ತಿದ್ದ ವಕೀಲರ ಮನೆಗೆ ಬಾಂಬು ಹಾಕಲ್ಪಟ್ಟಾಗ, ಸಾವಿರಾರು ಮಂದಿ ಮಾತಿಲ್ಲದೆ ನಡೆದುಕೊಂಡು ನಗರಸಭೆಯ ಮೆಟ್ಟಲುಗಳ ಬಳಿಗೆ ಹೋದರು. ಬಣ್ಣದ ಕಾರಣದಿಂದ ಮನುಷ್ಯನನ್ನು ಬೇರೆಮಾಡುವದು ಸರಿಯೋ ಎಂದು ಆಕೆ ನಗರಾಧ್ಯಕ್ಷರನ್ನು ಎಲ್ಲರ ಮುಂದೆ ಕೇಳಿದಳು. ಅವರು ತಮ್ಮ ಮನಸ್ಸಾಕ್ಷಿಯನ್ನು ಮುಚ್ಚಲಾರದೆ, ಸರಿಯಲ್ಲವೆಂದು ಒಪ್ಪಿಕೊಂಡರು. ಮೇ 10ರಂದು ನ್ಯಾಶ್ವಿಲಿನ ಆರು ಅಂಗಡಿಗಳ ಮೇಜುಗಳು ಎಲ್ಲರಿಗೂ ತೆರೆದವು. ಗ್ರೀನ್ಸ್‌ಬರೋದ ಆ ಮೇಜು ಜುಲೈ 25ರಂದು ತೆರೆಯಿತು. ಅಲ್ಲಿ ಮೊದಲು ಉಂಡ ಕರಿಯರು ಅದೇ ಅಂಗಡಿಯ ಕೆಲಸದವರು.

ಜಾನ್ ಲೂಯಿಸ್ ಅಲಬಾಮದ ಒಬ್ಬ ಬಡ ಒಕ್ಕಲಿಗನ ಮಗನು. ಚಿಕ್ಕವನಿದ್ದಾಗ ಅಂಗಳದ ಕೋಳಿಗಳಿಗೆ ಪ್ರಸಂಗ ಮಾಡುತ್ತಿದ್ದನು. ದೊಡ್ಡವನಾಗಿ ದೈವಜ್ಞಾನದ ಶಾಲೆಗೆ ಹೋದನು. ತಂಟೆಗೆ ಹೋಗಬೇಡ, ಬಿಳಿಯರಿಗೆ ಅಡ್ಡ ಬರಬೇಡ ಎಂದು ತಂದೆತಾಯಿಗಳು ಕಲಿಸಿದ್ದರು. 1960ನೆಯ ಫೆಬ್ರವರಿ 27ರಂದು ಪುಂಡರು ನ್ಯಾಶ್ವಿಲಿನ ಮೇಜುಗಳ ಮುಂದೆ ಕೂತವರನ್ನು ಹೊಡೆದು, ಉರಿಯುವ ಸಿಗರೇಟುಗಳನ್ನು ಅವರ ಮೈಗೆ ಒತ್ತಿದರು. ಪೊಲೀಸರಾದರೋ ಹೊಡೆದವರನ್ನು ಬಿಟ್ಟು, ಪೆಟ್ಟು ತಿಂದ ಸುಮಾರು 80 ವಿದ್ಯಾರ್ಥಿಗಳನ್ನು ಹಿಡಿದರು. ಅವರಲ್ಲಿ ಲೂಯಿಸನೂ ಒಬ್ಬನು. ಸುದ್ದಿ ತಿಳಿದ ತಾಯಿಯು ನೊಂದು, ಇದನ್ನು ಬಿಟ್ಟು ಓದಿಗೆ ಮರಳೆಂದು ಕಾಗದ ಬರೆದಳು. ಆ ತಾಯಿಯನ್ನು ಹಳಿಯಬೇಡಿರಿ. ಭೂಮಿಯೂ ಕೂಲಿಯೂ ಇನ್ನೊಬ್ಬರ ಕೈಯಲ್ಲಿರುವಲ್ಲಿ ಬಾಳಿದವರಿಗೆ ಆ ಭಯದ ಅರ್ಥ ತಿಳಿಯುವದು. ಮಗನಾದರೋ, ಸೆರೆಹಿಡಿಯಲ್ಪಟ್ಟ ಆ ದಿನವೇ ತನಗೆ ಬಿಡುಗಡೆಯಾದಂತೆ ಆಯಿತೆಂದು ಮುಂದೆ ಅನೇಕ ಸಾರಿ ಸಾಕ್ಷಿ ಹೇಳಿದನು. 1987ರಿಂದ 2020ರಲ್ಲಿ ತೀರಿಕೊಳ್ಳುವ ವರೆಗೂ ಅವನು ಆ ದೇಶದ ಶಾಸನಸಭೆಯಲ್ಲಿ ಸದಸ್ಯನಾಗಿದ್ದನು.

ಇನ್ನೊಂದು ಮಾತನ್ನು ಸತ್ಯಕ್ಕಾಗಿ ಹೇಳಬೇಕು. ಈ ವಿದ್ಯಾರ್ಥಿಗಳೆಲ್ಲರೂ ಭಕ್ತಿಯಿಂದ ಮಾತ್ರ ನಡೆದರೆಂದು ಹೇಳಲಾಗದು. ಕೆಲವರಿಗೆ ಅಹಿಂಸೆಯು ನಂಬಿಕೆಯಾಗಿತ್ತು, ಕೆಲವರಿಗೆ ಉಪಾಯವಾಗಿತ್ತು. ಕೆಲವರು ಮುಂದಿನ ವರುಷಗಳಲ್ಲಿ ಆ ಮಾರ್ಗವನ್ನೇ ಬಿಟ್ಟರು. ಮೇಜನ್ನು ಮುಚ್ಚಿದವರಲ್ಲಿಯೂ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವರು ಬಹಳ ಮಂದಿ ಇದ್ದರು. 1960ರ ಆಗಸ್ಟ್ ತಿಂಗಳಲ್ಲಿ ಅಟ್ಲಾಂಟ ಪಟ್ಟಣದ ಕರಿಯ ವಿದ್ಯಾರ್ಥಿಗಳು ಬಿಳಿಯರ ದೇವಾಲಯಗಳಿಗೆ ಆರಾಧನೆಗೆ ಹೋದಾಗ, ಕೆಲವು ಸಭೆಗಳು ಅವರನ್ನು ಒಳಗೆ ಕರೆದವು, ಕೆಲವು ಸಭೆಗಳು ಬಾಗಲಿಂದಲೇ ತಿರುಗಿಸಿದವು. ಪೇತ್ರನಂಥ ಅಪೊಸ್ತಲನೂ ಅಂತಿಯೋಕ್ಯದಲ್ಲಿ, ಜನರಿಗೆ ಅಂಜಿ, ಅನ್ಯಜನರ ಸಂಗಡ ಕೂತಿದ್ದ ಊಟದಿಂದ ಹಿಂದೆಗೆದನೆಂದು ಗಲಾತ್ಯದವರ ಪತ್ರಿಕೆಯಲ್ಲಿ ಓದುತ್ತೇವೆ. ಪೌಲನು ಅದನ್ನು ಸಣ್ಣ ವಿಷಯವೆಂದು ಬಿಡದೆ ಎಲ್ಲರ ಮುಂದೆ ಗದರಿಸಿದನು. ಯಾಕಂದರೆ ಯಾರ ಸಂಗಡ ಕೂತು ಉಣ್ಣುತ್ತೇವೆಂಬದು ಸುವಾರ್ತೆಗೆ ಸೇರಿದ ವಿಷಯವೇ ಹೊರತು ಲೋಕಾಚಾರವಲ್ಲ.

ಈಗ ನಮ್ಮ ಸಭೆಯ ಆ ತಂದೆಯ ಕಡೆಗೆ ತಿರುಗುತ್ತೇನೆ. ಮುಂದಿನ ವಾರ ನಾನೇ ಅವನ ಮನೆಗೆ ಹೋಗಿ ಹೀಗೆಂದೆನು: “ಅಣ್ಣಾ, ನಿನ್ನ ಮಗನ ತಲೆ ಕೆಡಿಸಿದವರು ಯಾರೆಂದು ಕೇಳಿದೆಯಲ್ಲಾ. ನೀನೂ ನಾನೂ ಅಲ್ಲವೇ? ಎಂಟು ವರುಷದವನಾಗಿದ್ದಾಗ ಭಾನುವಾರದ ಶಾಲೆಗೆ ಅವನ ಕೈಹಿಡಿದು ಕರಕೊಂಡು ಬಂದವನು ನೀನು. ಬೆಂಕಿಯ ಕುಲುಮೆಯ ಕಥೆಯನ್ನು ಬಾಯಿಪಾಠ ಮಾಡಿಸಿದವನು ನಾನು. ಅವನು ಅದನ್ನು ನಂಬಿದನು. ನಾವು ಕಲಿಸಿದ್ದನ್ನು ನಂಬಿದ್ದಕ್ಕಾಗಿ ಅವನನ್ನು ಗದರಿಸುವದು ಹೇಗೆ?”

ಅವನು ಬಹಳ ಹೊತ್ತು ಸುಮ್ಮನಿದ್ದನು. ಆಗ ನಾನು ಇನ್ನೊಂದನ್ನು ಒಪ್ಪಿಕೊಳ್ಳಬೇಕಾಯಿತು. ಆ ಅಂಗಡಿಯಲ್ಲಿ ನಾನು ಸಹ ಎಷ್ಟೋ ಸಾರಿ ಚಹ ಕುಡಿದಿದ್ದೇನೆ. ನನ್ನ ಕೈಗೆ ಬೇರೆ ಲೋಟ ಬಂದಾಗ ಕಾಣದವನಂತೆ ಕುಡಿದು ಬಂದಿದ್ದೇನೆ. ಮರುದಿನ ಪ್ರಸಂಗಪೀಠದಲ್ಲಿ ನಿಂತು ದಾನಿಯೇಲನ ಧೈರ್ಯವನ್ನು ವರ್ಣಿಸಿದ್ದೇನೆ. ಕಲಿಸಿದವನಿಗೆ ಇಲ್ಲದ ನಂಬಿಕೆಯು ಕಲಿತ ಹುಡುಗನಲ್ಲಿ ಕಂಡುಬಂತು.

ಆದರೂ ತಂದೆಯ ಭಯವನ್ನು ನಾವು ತಳ್ಳಿಹಾಕಬಾರದು. 1961ರಲ್ಲಿ ಬಸ್ಸುಗಳಲ್ಲಿ ಕೂತು ದಕ್ಷಿಣಕ್ಕೆ ಹೊರಟ ನ್ಯಾಶ್ವಿಲ್ ವಿದ್ಯಾರ್ಥಿಗಳು ಹಿಂದಿನ ರಾತ್ರಿ ತಮ್ಮ ಮರಣಶಾಸನಗಳನ್ನು ಬರೆದಿಟ್ಟು ಹೋದರು. ಇದು ಆಟವಲ್ಲ. ಆದಕಾರಣ ಆ ನಾಲ್ಕು ಮಂದಿ ಹುಡುಗರನ್ನು ಕರೆದು ನಾನು ಹೇಳಿದ್ದು ಇಷ್ಟೇ. ಒಬ್ಬೊಬ್ಬರಾಗಿ ಹೋಗಬೇಡಿರಿ, ಕೂಡಿ ಹೋಗಿರಿ. ಹೋಗುವ ಮೊದಲು ಕೂತು ಪ್ರಾರ್ಥನೆ ಮಾಡಿರಿ, ಬೈಗಳನ್ನು ಕೇಳಿ ಸುಮ್ಮನಿರುವದನ್ನು ಅಭ್ಯಾಸ ಮಾಡಿರಿ. ಅಂಗಡಿಯವನು ನಿಮ್ಮ ವೈರಿಯಲ್ಲ. ಅವನನ್ನು ಮರ್ಯಾದೆಯಿಂದ ಕೇಳಿರಿ. ಗ್ರೀನ್ಸ್‌ಬರೋದಲ್ಲಿ ಆ ಮೊದಲನೆಯ ದಿನ ಒಬ್ಬ ಬಿಳಿಯ ಮುದುಕಿಯು ಹತ್ತಿರ ಬಂದಾಗ ಬೈಯಲಿಕ್ಕೆ ಬಂದಳೆಂದು ಮೆಕೇನನು ನೆನಸಿದನು. ಆಕೆಯಾದರೋ, ಇದನ್ನು ಇಷ್ಟು ತಡಮಾಡಿದಿರಲ್ಲಾ ಎಂದು ಪ್ರೀತಿಯಿಂದ ಅಂದಳು. ಯಾರ ಹೃದಯವನ್ನು ದೇವರು ಮೊದಲೇ ಸಿದ್ಧಮಾಡಿದ್ದಾನೋ ನಮಗೆ ಗೊತ್ತಿಲ್ಲ. ಅಸ್ಪೃಶ್ಯತೆಯು ರದ್ದಾಯಿತೆಂದು ನಮ್ಮ ದೇಶದ ಸಂವಿಧಾನವು 1950ರಿಂದಲೇ ಸಾರುತ್ತಿರುವದರಿಂದ, ನೀವು ಕೇಳುವದು ದೇಶದ ನ್ಯಾಯಕ್ಕೂ ಒಪ್ಪಿದ್ದೇ ಎಂದು ತಿಳಿದಿರ್ರಿ.

ಕೊನೆಗೆ ಸಭೆಯ ಹಿರಿಯರಾದ ನಿಮಗೂ ಒಂದು ಮಾತು. ನಾವು ಊರಿನ ಅಂಗಡಿಯ ಲೋಟವನ್ನು ಕೇಳುವದಕ್ಕೆ ಮೊದಲು ನಮ್ಮ ಮಂದಿರದ ಚಾಪೆಯನ್ನು ನೋಡಿಕೊಳ್ಳೋಣ. ಮದುವೆಯ ಮಾತು ಬಂದಾಗ ಯಾರ ಪೂರ್ವಿಕರು ಯಾವ ಜಾತಿಯಿಂದ ಬಂದವರೆಂದು ನಮ್ಮಲ್ಲಿ ಕೇಳುವದಿಲ್ಲವೋ? ಊಟದ ಪಂಕ್ತಿಯಲ್ಲಿ ಯಾರ ಪಕ್ಕವನ್ನು ತಪ್ಪಿಸಿ ಕೂರುತ್ತೇವೆ? ಕರ್ತನ ಮೇಜಿನಲ್ಲಿ ರೊಟ್ಟಿಯು ಒಂದೇ ಎಂದು ಹೇಳಿ, ಹೊರಗೆ ಬಂದೊಡನೆ ಎರಡು ಮಾಡಿದರೆ, ನಮ್ಮ ಮಕ್ಕಳು ಯಾವದನ್ನು ನಂಬಬೇಕು?

ಆ ಹುಡುಗರು ಇನ್ನೂ ಅಂಗಡಿಗೆ ಹೋಗಿಲ್ಲ. ವಾರಕ್ಕೆ ಎರಡು ಸಾಯಂಕಾಲ ಮಂದಿರದಲ್ಲಿ ಕೂಡುತ್ತಾರೆ. ಹೋದ ಗುರುವಾರ ಐದನೆಯವನೊಬ್ಬನು ಬಂದು ಹಿಂದುಗಡೆ ಕೂತನು. ತಿರುಗಿ ನೋಡಲು, ಆ ತಂದೆಯೇ. “ಹುಡುಗರನ್ನೇ ಕಳುಹಿಸಬಾರದು, ಉಪದೇಶಿಗಳೇ, ನಾನೂ ಬರುತ್ತೇನೆ,” ಅಂದನು. ನಾನೂ ಅವರ ಸಂಗಡ ಹೋಗುವವನಾಗಿದ್ದೇನೆ. ನಮಗೋಸ್ಕರ ಪ್ರಾರ್ಥಿಸಿರಿ.

ಬೆಂಕಿಯೊಳಗೆ ಹಾಕಲ್ಪಟ್ಟವರು ಮೂವರಾಗಿದ್ದರೂ ಅರಸನ ಕಣ್ಣಿಗೆ ಕಂಡವರು ನಾಲ್ವರು. ಆ ಜೊತೆಗಾರನು ನಮ್ಮ ಮಕ್ಕಳ ಸಂಗಡಲೂ, ಅಂಜುವ ತಂದೆತಾಯಿಗಳ ಸಂಗಡಲೂ, ತಡವಾಗಿ ಎಚ್ಚತ್ತ ಉಪದೇಶಿಗಳ ಸಂಗಡಲೂ ಇರಲಿ. ಆಮೆನ್.